ಫ್ಯಾಟಿ ಲಿವರ್ ಇದ್ದರೆ ಅಣ್ಣನಿಗೆ ಲಿವರ್ ಕೊಡೋಕೆ ಆಗಲ್ವಾ? – ಪ್ರತಿಕ್ರಿಯೆ

ಅಣ್ಣನಿಗೆ ಲಿವರ್‌ನ ಭಾಗ ಕೊಡೋಕೆ ಮುಂದಾದೆ, ಸ್ಕ್ಯಾನ್‌ನಲ್ಲಿ ನನ್ನ ಲಿವರ್‌ನಲ್ಲಿ ಕೊಬ್ಬು (ಫ್ಯಾಟಿ ಲಿವರ್) ಕಂಡಿತು, ಡಾಕ್ಟರು ಸದ್ಯಕ್ಕೆ ಬೇಡ ಅಂದರು, ಇಲ್ಲಿಗೆ ಮುಗೀತಾ ಅಂತ ಕೇಳಿದ್ದೀರಿ. ಮುಗಿದಿಲ್ಲ. 'ಸದ್ಯಕ್ಕೆ' ಅಂದಿದ್ದಾರಲ್ಲ, ಅದನ್ನೇ ಹಿಡ್ಕೊಳ್ಳಿ.

ವಯಸ್ಕರಿಗೆ ಕೊಡುವಾಗ ಸಾಮಾನ್ಯವಾಗಿ ಬಲಭಾಗ ತೆಗೀತಾರೆ, ಅಂದರೆ ಲಿವರ್‌ನ ಸುಮಾರು 60%. ನಿಮ್ಮಲ್ಲಿ ಕನಿಷ್ಠ 30% ಆದರೂ ಉಳಿಯಬೇಕು. ಅಣ್ಣನಿಗೆ ಹೋಗುವ ಭಾಗ ಅವರ ತೂಕದ 0.8% ಆಸುಪಾಸು ಇರಬೇಕು. 70 ಕೆಜಿ ಇದ್ದರೆ 560 ಗ್ರಾಂ. ಕೊಬ್ಬು ತುಂಬಿದ ಲಿವರ್ ಅಳತೆಯಲ್ಲಿ ದೊಡ್ಡದಾಗಿ ಕಂಡರೂ ಕೆಲಸ ಮಾಡುವ ಭಾಗ ಕಡಿಮೆ. ಆಪರೇಷನ್ ಆದಮೇಲೆ ಅದು ಮತ್ತೆ ಬೆಳೆಯೋದೂ ನಿಧಾನ. ಹಾಗಾಗಿ ಡಾಕ್ಟರ ಹಿಂಜರಿಕೆ ನಿಮ್ಮ ಜೀವದ ದೃಷ್ಟಿಯಿಂದಲೂ ಸರಿಯೇ.

ಒಳ್ಳೆಯ ವಿಷಯ ಅಂದರೆ ಈ ಕೊಬ್ಬು ಬೇಗ ಕರಗುತ್ತೆ. ಆಹಾರ, ನಡಿಗೆ, ತೂಕ ಇಳಿಕೆಯಿಂದ ಒಂದೆರಡು ತಿಂಗಳಲ್ಲಿ ಸರಿಹೋಗಿ ದಾನ ಮಾಡಿದವರಿದ್ದಾರೆ. ಮದ್ಯ ಪೂರ್ತಿ ಬಿಡಿ. ಉಪವಾಸ ಮಾಡಿ ದಿಢೀರ್ ಇಳಿಸೋಕೆ ಹೋಗಬೇಡಿ, ಅದರಿಂದ ಲಿವರ್‌ಗೇ ತೊಂದರೆ. ಡಯಟೀಷಿಯನ್ ಹೇಳಿದಂತೆ ಮಾಡಿ. ಮತ್ತೆ ಎಂಆರ್‌ಐ ಮಾಡಿಸ್ತಾರೆ, ಅನುಮಾನ ಇದ್ದರೆ ಬಯಾಪ್ಸಿ.

ಅಣ್ಣನ ಸ್ಥಿತಿ ಅಷ್ಟು ದಿನ ಕಾಯುವಂತಿದೆಯಾ ಅಂತ ಇವತ್ತೇ ಕೇಳಿ. ಇಲ್ಲದಿದ್ದರೆ ಮನೆಯ ಇನ್ನೊಬ್ಬರ ಪರೀಕ್ಷೆಯೂ ಜೊತೆಗೇ ಶುರುವಾಗಲಿ, ಮೃತ ದಾನಿಯ ಲಿವರ್‌ಗಾಗಿ ಕಾಯುವವರ ಪಟ್ಟಿಗೆ ಅಣ್ಣನ ಹೆಸರೂ ಸೇರಲಿ.