ಅಹಿಂಸಾ ಹೋರಾಟ ಒಂದು ಚಳವಳಿಯಿಂದ ಇನ್ನೊಂದಕ್ಕೆ ದಾಟುವುದು ಹೇಗೆ?
ಗಾಂಧೀಜಿಯ ಬರಹ ಓದಿಯೇ ಅಮೆರಿಕದ ಕಪ್ಪು ಜನ ಅಹಿಂಸೆಯ ದಾರಿ ಹಿಡಿದರಾ ಎಂದು ಕೇಳಿದ್ದೀರಿ. ಓದಿದವರು ಖಂಡಿತ ಇದ್ದರು. ಆದರೆ ಓದಿ ತಲೆಯಾಡಿಸುವುದೇ ಬೇರೆ, ಕೆನ್ನೆಗೆ ಏಟು ಬಿದ್ದಾಗ ಕೈ ಎತ್ತದೆ ಕೂರುವುದೇ ಬೇರೆ, ಅಲ್ವಾ? ಅದನ್ನು ಯಾರಾದರೂ ಜೊತೆಗಿದ್ದು ಕಲಿಸಬೇಕು.

ಹಾಗೆ ಕಲಿಸಿದವರು ಅಮೆರಿಕದ ಕಪ್ಪು ಪಾದ್ರಿ ಜೇಮ್ಸ್ ಲಾಸನ್. ಕೊರಿಯಾ ಯುದ್ಧದ ಕಾಲದಲ್ಲಿ ಸೇನೆಗೆ ಸೇರಲು ಒಪ್ಪದೆ ಜೈಲು ಕಂಡವರು. 1953ರಲ್ಲಿ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದು, ಮೂರು ವರ್ಷ ಇದ್ದು ಸತ್ಯಾಗ್ರಹವನ್ನು ಹತ್ತಿರದಿಂದ ಅರಿತರು. 1957ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಭೇಟಿಯಾದಾಗ, ನಿಮ್ಮಂಥವರು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಈಗಲೇ ಬೇಕು ಎಂದು ಕಿಂಗ್ ಒತ್ತಾಯಿಸಿದರು. ಮರುವರ್ಷ ಲಾಸನ್ ದಕ್ಷಿಣದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರಕ್ಕೆ ಹೋದರು.

ಅಲ್ಲಿನ ಚರ್ಚ್ ಒಂದರ ನೆಲಮಾಳಿಗೆಯಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ತರಬೇತಿ ಶುರುವಾಯಿತು. ಬರೀ ಭಾಷಣ ಅಲ್ಲ. ಆಗ ಅಲ್ಲಿನ ಅಂಗಡಿಗಳ ಊಟದ ಕೌಂಟರಿನಲ್ಲಿ ಕಪ್ಪು ಜನ ಕೂತು ತಿನ್ನುವಂತಿರಲಿಲ್ಲ. ತರಬೇತಿಯಲ್ಲಿ ಕೆಲವರು ಅಂಥ ಕೌಂಟರಿನಲ್ಲಿ ಕೂತವರಂತೆ ಕೂರುತ್ತಿದ್ದರು. ಉಳಿದವರು ದಾಳಿಕೋರರಾಗಿ ಬೈಯುತ್ತಿದ್ದರು, ಕುರ್ಚಿಯಿಂದ ತಳ್ಳುತ್ತಿದ್ದರು. ಕೂತವರು ತಿರುಗಿ ಹೊಡೆಯಬಾರದು. ಬಿದ್ದರೆ ತಲೆಯನ್ನು ಹೇಗೆ ಕಾಪಾಡಿಕೊಳ್ಳಬೇಕು, ಪಕ್ಕದವನಿಗೆ ಏಟು ಬೀಳುತ್ತಿದ್ದರೆ ಹೇಗೆ ಅಡ್ಡ ಹೋಗಬೇಕು ಎಂಬುದನ್ನೂ ಮಾಡಿ ನೋಡುತ್ತಿದ್ದರು. ನನ್ನ ಪ್ರಕಾರ ಅಹಿಂಸೆ ನಿಜವಾಗಿ ಕೈ ಬದಲಾಯಿಸಿದ್ದು ಆ ನೆಲಮಾಳಿಗೆಯಲ್ಲೇ.

1960ರ ಫೆಬ್ರವರಿಯಲ್ಲಿ ಅವರು ನಗರದ ಅಂಗಡಿಗಳ ಕೌಂಟರುಗಳಲ್ಲಿ ಕೂತರು. ಏಟು ತಿಂದರು, ಜೈಲಿಗೆ ಹೋದರು. ಇದರ ಜೊತೆಗೆ ಕಪ್ಪು ಕುಟುಂಬಗಳು ಆ ಅಂಗಡಿಗಳಿಗೆ ಹೋಗುವುದನ್ನೇ ಬಿಟ್ಟವು. ಈ ಭಾಗವನ್ನು ಜಾಸ್ತಿ ಜನ ಮರೆಯುತ್ತಾರೆ. ಅಹಿಂಸೆ ಅಂದರೆ ಸುಮ್ನೆ ಸಹಿಸಿಕೊಳ್ಳುವುದಲ್ಲ, ಎದುರಿನವರು ನಿಮ್ಮ ಮೇಲೆ ಯಾವುದಕ್ಕೆ ಅವಲಂಬಿಸಿದ್ದಾರೋ ಅದನ್ನು ಕೊಡದೆ ಇರುವುದು. ಮೇ ತಿಂಗಳಲ್ಲಿ ಕೌಂಟರುಗಳು ಎಲ್ಲರಿಗೂ ತೆರೆದವು.

ಹಾಗಂತ ಲಾಸನ್ ಗಾಂಧೀಜಿಯ ನಕಲು ಮಾಡಲಿಲ್ಲ. ಅಲ್ಲಿ ಚರಕ ಇರಲಿಲ್ಲ. ಚರ್ಚ್ ಇತ್ತು, ಪ್ರಾರ್ಥನೆ ಇತ್ತು, ಆ ಜನ ಹಾಡಿ ಬೆಳೆದ ಹಾಡುಗಳಿದ್ದವು. ಹೊರಗಿನಿಂದ ಬಂದ ವಿಧಾನ ಊರಿನವರದೇ ನಂಬಿಕೆಯ ಜೊತೆ ಬೆರೆಯದಿದ್ದರೆ ಮೊದಲ ಲಾಠಿ ಏಟಿಗೇ ಚದುರಿಹೋಗುತ್ತದೆ.

ಆಮೇಲೆ ಕಲಿತವರೇ ಕಲಿಸುವವರಾದರು. ನ್ಯಾಶ್‌ವಿಲ್‌ನ ಡಯೇನ್ ನ್ಯಾಶ್, ಜಾನ್ ಲೂಯಿಸ್ 1961ರ ಫ್ರೀಡಂ ರೈಡ್‌ಗಳಲ್ಲಿ, ಅಂದರೆ ಕಪ್ಪು ಬಿಳಿ ಜನ ಒಟ್ಟಿಗೆ ಬಸ್ಸಿನಲ್ಲಿ ಹೋಗಿ ಬಣ್ಣಭೇದವನ್ನು ಪ್ರತಿಭಟಿಸಿದ ಪ್ರಯಾಣಗಳಲ್ಲಿ, ಮುಂದೆ ನಿಂತರು. 1964ರಲ್ಲಿ ದಕ್ಷಿಣದ ಮಿಸಿಸಿಪ್ಪಿ ರಾಜ್ಯದಲ್ಲಿ ಕಪ್ಪು ಜನರ ಹಕ್ಕಿಗಾಗಿ ದುಡಿದ ಮಾರ್ಷಲ್ ಗಾಂಜ್ ಮರುವರ್ಷ ಕ್ಯಾಲಿಫೋರ್ನಿಯಾಕ್ಕೆ ಮರಳಿ, ಕೂಲಿಕಾರರನ್ನು ಸಂಘಟಿಸುತ್ತಿದ್ದ ಸೀಸರ್ ಚಾವೆಜ್ ಜೊತೆ ಸೇರಿದರು. ಹೊಲದ ಕೂಲಿಕಾರರ ಆ ಹೋರಾಟದಲ್ಲೂ ದ್ರಾಕ್ಷಿ ಕೊಳ್ಳಬೇಡಿ ಎಂಬ ಕರೆ ದೇಶದಾದ್ಯಂತ ಹೋಯಿತು. 1970ರಲ್ಲಿ ತೋಟದ ಮಾಲೀಕರು ಕೂಲಿಕಾರರ ಸಂಘದ ಜೊತೆ ಕರಾರಿಗೆ ಸಹಿ ಹಾಕಿದರು.