ದೊಡ್ಡ ಫೋಟೋಗೆ ಮನೆಯಲ್ಲೇ ಕಟ್ಟು ಹಾಕುವ ಬಗ್ಗೆ

24×36 ಇಂಚಿನ ಮೂರು ಫೋಟೋಗಳಿಗೆ ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಕಟ್ಟು ಹಾಕಬಹುದೇ, ಗಾಜು ಅಗತ್ಯವೇ ಎಂದು ತಾವು ಕೇಳಿದ್ದೀರಿ. ಖಂಡಿತ ಹಾಕಬಹುದು, ಆದರೆ ಈ ಅಳತೆಗೆ ಗಾಜು ಬೇಡವೆಂಬುದು ನನ್ನ ಅಭಿಪ್ರಾಯ. 3 ಮಿ.ಮೀ. ದಪ್ಪದ ಗಾಜೊಂದೇ ನಾಲ್ಕು ಕಿಲೋ ದಾಟುತ್ತದೆ. ಅಷ್ಟೇ ದಪ್ಪದ ಅಕ್ರಿಲಿಕ್ (ಗಾಜಿನಂತೆ ಪಾರದರ್ಶಕವಾದ ಪ್ಲಾಸ್ಟಿಕ್) ಹಾಳೆ ಅದರ ಅರ್ಧದಷ್ಟೂ ತೂಗುವುದಿಲ್ಲ. ಅಕ್ರಿಲಿಕ್ಕಿಗೆ ಗೀರು ಬೇಗ ಬೀಳುವುದರಿಂದ ಅದನ್ನು ಒಣಬಟ್ಟೆಯಿಂದ ಉಜ್ಜದೆ, ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಬೇಕು.

ಹೆಚ್ಚು ಗಮನ ಬೇಕಾದದ್ದು ಫೋಟೋ ಕೂರಿಸುವ ಕ್ರಮಕ್ಕೆ. ನನ್ನ ಮೊದಲ ಪ್ರಯತ್ನದಲ್ಲಿ ಇಡೀ ಫೋಟೋವನ್ನು ಮರಗೆಲಸದ ಅಂಟಿನಿಂದ ಹಾರ್ಡ್‌ಬೋರ್ಡಿಗೆ ಮೆತ್ತಿದ್ದೆ. ಆ ವರ್ಷದ ಮಳೆಗಾಲದಲ್ಲೇ ಅದು ಹಪ್ಪಳದಂತೆ ಉಬ್ಬಿತು. ಕಾಗದವು ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುವುದರಿಂದ, ಮೇಲಂಚಿನಲ್ಲಿ ಮಾತ್ರ ಎರಡು ಕಡೆ ಆಮ್ಲರಹಿತ ಕಾಗದದ ಟೇಪು ಹಚ್ಚಿ, ಉಳಿದ ಮೂರು ಅಂಚುಗಳನ್ನು ಸಡಿಲವಾಗಿಯೇ ಬಿಡಬೇಕು. ಫೋಟೋದ ಮುಂಬದಿಯಲ್ಲಿ ಸುತ್ತಲೂ ಮೌಂಟ್ ಬೋರ್ಡಿನ (ದಪ್ಪ ರಟ್ಟಿನ) ಅಂಚು ಇರಿಸಿದರೆ ಫೋಟೋ ಅಕ್ರಿಲಿಕ್ಕಿಗೆ ಅಂಟಿಕೊಳ್ಳದು. ಹಿಂಬದಿಗೆ ಫೋಮ್ ಬೋರ್ಡ್ (ಒಳಗೆ ಫೋಮ್ ಇರುವ ಹಗುರ ಹಲಗೆ) ಸಾಕು.

ಮರದ ಪಟ್ಟಿಗಳನ್ನು 45 ಡಿಗ್ರಿ ಕೋನದಲ್ಲಿ ಕೊಯ್ಯುವ ಕೆಲಸವನ್ನು ಮಾತ್ರ ಕಟ್ಟು ಹಾಕುವ ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ಕೈಗರಗಸ ಸ್ವಲ್ಪ ಓರೆಯಾದರೂ ನಾಲ್ಕನೆಯ ಮೂಲೆ ಬಾಯಿ ಬಿಡುತ್ತದೆ. ಗೋಡೆಗೆ ಒಂದರ ಬದಲು ಎರಡು ಮೊಳೆ ಹೊಡೆಯಿರಿ.