ಚಿತ್ರ ಮುಚ್ಚಿದರೆ ಅಕ್ಷರವೂ ಮರೆತುಹೋಗುತ್ತದೆ!

ಪ್ರಶ್ನೆ: ಮಗಳಿಗೆ ನಾಲ್ಕು ತುಂಬಿದೆ. ಗೋಡೆಯ ಚಾರ್ಟ್ ನೋಡಿಕೊಂಡು ‘ಅ ಅರಸ, ಆ ಆನೆ’ ಅಂತ ಕೊನೆಯವರೆಗೂ ಪಟಪಟ ಹೇಳುತ್ತಾಳೆ. ಸ್ಲೇಟಿನಲ್ಲಿ ಬರೀ ‘ಉ’ ಬರೆದು ತೋರಿಸಿದರೆ ಸುಮ್ನೆ ನನ್ನ ಮುಖ ನೋಡುತ್ತಾಳೆ. ನೆನಪಿನ ಶಕ್ತಿ ಕಡಿಮೆಯಾ?

ಉತ್ತರ: ಖಂಡಿತ ಇಲ್ಲ. ಅಷ್ಟುದ್ದ ಬಾಯಿಪಾಠ ಮಾಡಿದವಳ ನೆನಪಿನ ಶಕ್ತಿಗೆ ಏನಾಗಿದೆ? ಅವಳು ಓದುತ್ತಿರುವುದು ಅಕ್ಷರವನ್ನಲ್ಲ, ಚಿತ್ರವನ್ನು. ಚಾರ್ಟಿನಲ್ಲಿ ಆನೆ ದೊಡ್ಡದು, ಬಣ್ಣದ್ದು, ‘ಆ’ ಮೂಲೆಯಲ್ಲಿ ಕಪ್ಪಗೆ ಕೂತಿದೆ. ಮಗುವಿನ ಕಣ್ಣು ಆನೆಯ ಕಡೆಗೇ ಹೋಗುತ್ತದೆ ಅಲ್ವಾ? ಜೊತೆಗೆ, ಯಾವುದಾದ ಮೇಲೆ ಯಾವುದು ಅಂತ ರಾಗವೇ ಹೇಳಿಕೊಡುತ್ತದೆ.

ಸ್ವಲ್ಪ ದಿನ ಆ ಚಾರ್ಟ್ ಬಿಟ್ಟುಬಿಡಿ. ಮೊದಲು ಕಿವಿಗೆ ಕೆಲಸ ಕೊಡಿ. ‘ಆನೆ, ಆಮೆ, ಆಕಾಶ, ಎಲ್ಲದರ ಶುರುವಿನಲ್ಲಿ ಏನು ಕೇಳಿಸ್ತು?’ ಅಂತ ಕೇಳಿ. ಆಮೇಲೆ ಆನೆ, ಆಮೆ, ಇಲಿ ಮೂರು ಚಿತ್ರ ಇಟ್ಟು, ಗುಂಪಿಗೆ ಸೇರದೇ ಇರುವುದನ್ನು ಹುಡುಕಲು ಹೇಳಿ. ಮೂರೂ ಪ್ರಾಣಿಗಳೇ ಆಗಿರುವುದರಿಂದ ಅವಳು ಸದ್ದನ್ನು ಕೇಳಿಸಿಕೊಳ್ಳಲೇಬೇಕು. ಇದು ಸಲೀಸಾದ ಮೇಲೆ ‘ಆ’ ಬರೆದು ತೋರಿಸಿ, ಬೆರಳಿನಲ್ಲಿ ತಿದ್ದಿಸಿ. ಕಾರ್ಡ್ ಮಾಡುವುದಾದರೆ ಒಂದು ಬದಿಗೆ ಅಕ್ಷರ, ಹಿಂಬದಿಗೆ ಚಿತ್ರ ಇರಲಿ. ಮೊದಲು ಅಕ್ಷರ ನೋಡಿ ಹೇಳಬೇಕು, ಆಮೇಲೆ ತಿರುಗಿಸಿ ತಾನೇ ಸರಿನೋಡಿಕೊಳ್ಳಬೇಕು. ಈ ತಿರುಗಿಸುವ ಆಟ ಮಕ್ಕಳಿಗೆ ಬಹಳ ಖುಷಿ.

ಚಿತ್ರ ಆರಿಸುವಾಗಲೂ ಎಚ್ಚರ ಬೇಕು. ಕಿರೀಟ ಹಾಕಿದ ಅರಸನನ್ನು ನೋಡಿ ಎಷ್ಟೋ ಮಕ್ಕಳು ‘ರಾಜ’ ಅನ್ನುತ್ತಾರೆ, ಉಡ ನೋಡಿ ‘ಹಲ್ಲಿ’ ಅನ್ನುತ್ತಾರೆ. ಆಗ ಚಿತ್ರ ಹೇಳುವ ಸದ್ದೇ ಬೇರೆ, ಅಕ್ಷರದ ಸದ್ದೇ ಬೇರೆ, ಮಗು ಮಧ್ಯೆ ಸಿಕ್ಕಿಕೊಳ್ಳುತ್ತದೆ. ಚಿತ್ರ ಮಾತ್ರ ತೋರಿಸಿ ‘ಇದೇನು?’ ಅಂತ ಮೊದಲೇ ಕೇಳಿ ನೋಡಿ. ಅವಳು ತಾನಾಗಿಯೇ ಹೇಳುವ ಹೆಸರಿದ್ದರೆ ಮಾತ್ರ ಆ ಚಿತ್ರ ಇಟ್ಟುಕೊಳ್ಳಿ. ‘ಅ’ಗೆ ಅಳಿಲು, ‘ಉ’ಗೆ ಉಂಗುರ ಆಗಬಹುದು.

ಚಿತ್ರ ಅಕ್ಷರದ ಪಕ್ಕದಲ್ಲಿರುವುದಕ್ಕಿಂತ ಅಕ್ಷರದೊಳಗೇ ಇದ್ದರೆ ಇನ್ನೂ ಒಳ್ಳೆಯದು. ಮಕ್ಕಳು ಓದು ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಲಿನಿಯಾ ಎಹ್ರಿ ಮತ್ತು ಜೊತೆಗಾರರು 1984ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅಕ್ಷರಗಳ ಅಧ್ಯಯನದಲ್ಲಿ, ಅಕ್ಷರದ ಆಕಾರವೇ ಚಿತ್ರದ ಭಾಗವಾಗಿದ್ದಾಗ ಮಕ್ಕಳು ಜಾಸ್ತಿ ಕಲಿತರು. ನಮ್ಮ ‘ಗ’ ನೋಡಿ, ಮೇಲೆ ಕೊಕ್ಕೆ, ಕೆಳಗೆ ಬಾಗು. ಅದರೊಳಗೆ ಒಂದು ನಾಲಿಗೆ ಬರೆದರೆ ಗಂಟೆಯೇ ಆಯಿತು! ಎಲ್ಲ ಅಕ್ಷರಕ್ಕೂ ಹೀಗೆ ಸಿಗುವುದಿಲ್ಲ, ಬಲವಂತ ಮಾಡಬೇಡಿ.

ಪ್ರಶ್ನೆ: ‘ಅ’ದಿಂದಲೇ ಸಾಲಾಗಿ ಕಲಿಸಬೇಕಾ? ಙ, ಞ, ಣ, ಳ ಬಂದಾಗ ಯಾವ ಚಿತ್ರ ತೋರಿಸಬೇಕೋ ಗೊತ್ತಾಗುತ್ತಿಲ್ಲ.

ಉತ್ತರ: ಬೇಕಿಲ್ಲ. 49 ಅಕ್ಷರವೂ ಮುಗಿಯಲಿ, ಆಮೇಲೆ ಪದ ಅಂತ ಕಾದರೆ ಮಗುವಿಗೆ ಬೇಸರ ಬರುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ‘ನಲಿಕಲಿ’ ಪದ್ಧತಿಯಲ್ಲಿ ರ, ಗ, ಸ, ದ, ಅ ಇಷ್ಟರಿಂದಲೇ ಶುರು ಮಾಡುತ್ತಾರೆ. ಈ ಐದು ಬಂದರೆ ಸರ, ಗರಗಸ, ಅರಸ ಓದಬಹುದು. ಆಗ ಪದ ಓದಿಸಿ, ಆಮೇಲೆ ಚಿತ್ರ ತೋರಿಸಿ. ಮೊದಲು ‘ರಾಜ’ ಅಂದಿದ್ದ ಮಗು ಈಗ ತಾನೇ ಕೂಡಿಸಿ ‘ಅರಸ’ ಅಂತ ಓದುತ್ತದೆ, ಹೊಸ ಪದವೂ ಸಿಕ್ಕಿತು.

ಣ, ಳ ಕನ್ನಡದಲ್ಲಿ ಪದದ ಶುರುವಿಗೆ ಬರುವುದಿಲ್ಲ. ಬಾಣ, ಏಣಿ, ಬಳೆ, ಮಳೆ ಚಿತ್ರ ಇಟ್ಟು, ಸದ್ದು ಎಲ್ಲಿ ಬಚ್ಚಿಟ್ಟುಕೊಂಡಿದೆ ಅಂತ ಕೇಳಿ. ಙ, ಞ ಸದ್ಯಕ್ಕೆ ಬಿಡಿ. ಬ ಮತ್ತು ಭ, ಪ ಮತ್ತು ಷ ಹೀಗೆ ಗೊಂದಲವಾಗುವ ಜೋಡಿಗಳನ್ನು ಒಂದೇ ದಿನ ಕಲಿಸಬೇಡಿ.

ಪ್ರಶ್ನೆ: ಐದು ವರ್ಷದ ಮಗ ‘ಬೀ, ಎ, ಟೀ’ ಅಂತ ಇಂಗ್ಲಿಷ್ ಅಕ್ಷರ ಗುರುತಿಸುತ್ತಾನೆ. ‘ಬ್ಯಾಟ್’ ಅಂತ ಓದಲು ಬರುವುದಿಲ್ಲ.

ಉತ್ತರ: ಅವನಿಗೆ ಹೆಸರು ಗೊತ್ತು, ಸದ್ದು ಗೊತ್ತಿಲ್ಲ. ಕನ್ನಡದಲ್ಲಿ ‘ಕ’ದ ಹೆಸರೂ ಕ, ಸದ್ದೂ ಕ. ಇಂಗ್ಲಿಷಿನಲ್ಲಿ ಹಾಗಲ್ಲ, ‘ಎಚ್’ ಅನ್ನುವ ಹೆಸರಿನಲ್ಲಿ ಹಕಾರದ ಸದ್ದೇ ಇಲ್ಲ. ಬ್ಯಾಟ್ ಚಿತ್ರ ತೋರಿಸಿ ‘ಬ್, ಆ್ಯ, ಟ್’ ಅಂತ ನಿಧಾನಕ್ಕೆ ಹೇಳಿ ಕೂಡಿಸಿ. ‘ಬ’ ಅಂತ ಎಳೆಯಬೇಡಿ, ಅರ್ಧಾಕ್ಷರ ಹೇಳಿ. ಕನ್ನಡ ಬಲ್ಲ ನಿಮಗೆ ಇದು ಸುಲಭ.

ಪ್ರಶ್ನೆ: ಮಗಳಿಗೆ ನೂರು ಚಿತ್ರದ ಕಾರ್ಡ್ ತೋರಿಸಿದ್ದೇವೆ, ಎಲ್ಲದರ ಹೆಸರು ಹೇಳುತ್ತಾಳೆ. ಮಾತು ಮಾತ್ರ ಬೆಳೆದಿಲ್ಲ.

ಉತ್ತರ: ಕಾರ್ಡಿನಲ್ಲಿ ನಾಯಿ ಸುಮ್ಮನೆ ನಿಂತಿರುತ್ತದೆ, ಅದರ ಬಗ್ಗೆ ಹೆಸರು ಬಿಟ್ಟು ಹೇಳಲು ಏನಿದೆ? ಏನೋ ನಡೆಯುತ್ತಿರುವ ಚಿತ್ರ ತೆಗೆದುಕೊಳ್ಳಿ. ನಾಯಿ ಚೆಂಡಿನ ಹಿಂದೆ ಓಡುತ್ತಿದೆ, ಹುಡುಗ ಮೇಜಿನ ಕೆಳಗೆ ಅಡಗಿದ್ದಾನೆ. ‘ಇದೇನು’ ಬಿಟ್ಟು ‘ಏನು ಮಾಡ್ತಿದೆ, ಯಾಕೆ ಓಡ್ತಿದೆ, ಮುಂದೆ ಏನಾಗುತ್ತೆ’ ಅಂತ ಕೇಳಿ. ಅವಳು ‘ನಾಯಿ ಓಡ್ತಿದೆ’ ಅಂದರೆ ನೀವು ‘ಹೌದು, ಕಪ್ಪು ನಾಯಿ ಜೋರಾಗಿ ಓಡ್ತಿದೆ’ ಅಂತ ಒಂದೆರಡು ಪದ ಸೇರಿಸಿ ಹೇಳಿ. ಕೇಳಿದ ಮೇಲೆ ಕಾಯಿರಿ. ನಾವು ದೊಡ್ಡವರು ಕಾಯುವುದಿಲ್ಲ, ಉತ್ತರ ನಾವೇ ಹೇಳಿಬಿಡುತ್ತೇವೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ.